ಫಾರಂನಲ್ಲಿ ಇಲ್ಲದ ಒಂದು ಪ್ರಶ್ನೆ: ಕಾರ್ಖಾನೆ ವೈದ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಖಾನೆ ವೈದ್ಯರಿಗೆ ಮತ್ತು ಕಾರ್ಖಾನೆ ತಪಾಸಣಾ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಡಾಕ್ಟರ್ ಅಲ್ಲ. ಬ್ಯಾಟರಿ ತಯಾರಿಸುವ ಒಂದು ಕಾರ್ಖಾನೆಯ ಆರೋಗ್ಯ ಕೊಠಡಿಯಲ್ಲಿ 14 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವನು. ತೋಳಿಗೆ ಪಟ್ಟಿ ಕಟ್ಟಿ, ನರ ಹುಡುಕಿ, ರಕ್ತ ತೆಗೆದು, ಟ್ಯೂಬಿಗೆ ಹೆಸರು ಅಂಟಿಸಿ ಕಳಿಸುವುದು ನನ್ನ ಕೆಲಸ. ವರದಿ ಬಂದ ಮೇಲೆ ಫೈಲಿಗೆ ಸೇರಿಸುವುದೂ ನನ್ನದೇ. ಆ ವರದಿಯಲ್ಲಿದ್ದ ನಂಬರನ್ನು, ಅಂದರೆ ರಕ್ತದಲ್ಲಿ ಸೀಸ ಎಷ್ಟಿದೆ ಅನ್ನುವುದನ್ನು, ರಕ್ತ ಕೊಟ್ಟವನಿಗೆ ಹೇಳುವ ಕೆಲಸ ಮಾತ್ರ ಯಾರದೂ ಆಗಿರಲಿಲ್ಲ.

ಸೂಜಿ ಚುಚ್ಚುವಾಗ ಜನ ಮಾತಾಡುತ್ತಾರೆ. ಹೆದರಿಕೆ ಮರೆಯಲಿ ಅಂತ ನಾವೇ ಮಾತಿಗೆಳೆಯುತ್ತೇವೆ. ಡಾಕ್ಟರ ಮೇಜಿನ ಮುಂದೆ ತುಟಿ ಬಿಚ್ಚದವರೂ ನನ್ನ ಹತ್ತಿರ ಬಾಗಿಲ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಕೇಳುತ್ತಿದ್ದರು. "ಸಾರ್, ಮದುವೆಯಾಗಿ ಐದು ವರ್ಷ ಆಯ್ತು. ಈ ಸೀಸದ ಕೆಲಸಕ್ಕೂ ಮಕ್ಕಳಾಗದೆ ಇರೋದಕ್ಕೂ ಏನಾದ್ರೂ ಸಂಬಂಧ ಇದೆಯಾ?" ಒಬ್ಬಿಬ್ಬರಲ್ಲ, ವರ್ಷಕ್ಕೆ ನಾಲ್ಕೈದು ಜನ ಕೇಳುತ್ತಿದ್ದರು. "ಡಾಕ್ಟರನ್ನ ಕೇಳಿ" ಅನ್ನುತ್ತಿದ್ದೆ. ಅವರು ಕೇಳುತ್ತಿರಲಿಲ್ಲ. ಕೇಳೋದಿಲ್ಲ ಅಂತ ನನಗೂ ಗೊತ್ತಿತ್ತು.

ಅವರಲ್ಲಿ ಒಬ್ಬನ ವಿಷಯ ಹೇಳುತ್ತೇನೆ. ಪೇಸ್ಟಿಂಗ್ ಸೆಕ್ಷನ್‌ನಲ್ಲಿದ್ದ. ಸೀಸದ ಆಕ್ಸೈಡನ್ನು ಹಿಟ್ಟಿನ ಹಾಗೆ ಕಲಸಿ ಜಾಲರಿಗೆ ಮೆತ್ತುವ ಜಾಗ ಅದು. ಒದ್ದೆ ಇದ್ದಾಗ ತೊಂದರೆ ಕಮ್ಮಿ, ಒಣಗಿ ಪುಡಿಯಾದರೆ ಗಾಳಿಗೆ ಹಾರುತ್ತದೆ. ನಾಲ್ಕು ವರ್ಷ ಅವನ ಹೆಂಡತಿಗೆ ಪರೀಕ್ಷೆಗಳು ನಡೆದವು. ಸ್ಕ್ಯಾನ್, ಹಾರ್ಮೋನ್ ಮಾತ್ರೆ, ಗರ್ಭನಾಳ ತೆರೆದಿದೆಯೋ ಇಲ್ಲವೋ ನೋಡುವ ನೋವಿನ ಪರೀಕ್ಷೆ, ಎಲ್ಲ ಆಯಿತು. ಎಲ್ಲದರಲ್ಲೂ ಆಕೆ ಸರಿಯಾಗಿದ್ದಳು. ಗಂಡನ ವೀರ್ಯ ಪರೀಕ್ಷೆ ಒಂದು ಸಲವೂ ಆಗಿರಲಿಲ್ಲ. ಕಡೆಗೆ ಯಾರಿಗೂ ಹೇಳದೆ ಅವನೇ ಹೋಗಿ ಮಾಡಿಸಿಕೊಂಡ. ವೀರ್ಯಾಣುಗಳ ಸಂಖ್ಯೆ ತೀರಾ ಕಮ್ಮಿ ಬಂತು. ಅಲ್ಲಿನ ಡಾಕ್ಟರು ಸಿಗರೇಟು, ಕುಡಿತ, ಸಕ್ಕರೆ ಕಾಯಿಲೆ ಎಲ್ಲ ವಿಚಾರಿಸಿದರಂತೆ. ಏನು ಕೆಲಸ ಮಾಡ್ತೀಯ ಅಂತ ಮಾತ್ರ ಕೇಳಲಿಲ್ಲ. ರೋಗಿಯ ಕಸುಬು ಯಾವುದು ಅಂತ ಮೊದಲು ಕೇಳಿ ಎಂದು ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝೀನಿ 1700ರಲ್ಲೇ ಬರೆದಿಟ್ಟಿದ್ದಾನೆ. ಮುನ್ನೂರು ವರ್ಷಗಳ ಮೇಲಾಯಿತು.

ಮಾರನೇ ವಾರ ಅವನು ನನ್ನ ಮುಂದೆ ಬಂದು ನಿಂತ. "ಸಾರ್, ನನ್ನ ಹಳೇ ನಂಬರ್ ನಿಮ್ಮ ಫೈಲಲ್ಲಿ ಇರುತ್ತಲ್ಲ, ತೋರಿಸ್ತೀರಾ?" ತೋರಿಸಬಾರದು ಅನ್ನುವ ನಿಯಮ ಎಲ್ಲೂ ಇರಲಿಲ್ಲ. ತೋರಿಸುವ ರೂಢಿ ಇರಲಿಲ್ಲ ಅಷ್ಟೇ. ತೆಗೆದು ಕೊಟ್ಟೆ. ಪ್ರತಿ ಡೆಸಿಲೀಟರ್ ರಕ್ತದಲ್ಲಿ 38 ಮೈಕ್ರೋಗ್ರಾಂ ಸೀಸ. ಮುಂದಿನ ವರ್ಷ 44. ಆಮೇಲೆ 47. ಆಮೇಲೆ 52. ಪ್ರತಿ ಹಾಳೆಯ ಕೆಳಗೂ "ಕೆಲಸಕ್ಕೆ ಯೋಗ್ಯ" ಅನ್ನುವ ಮುದ್ರೆ ಇತ್ತು. ಸಹಿ ಡಾಕ್ಟರದು. ಮುದ್ರೆ ಒತ್ತಿದ ಕೈ ನನ್ನದು.

ಅವನ ತೊಂದರೆಗೆ ಸೀಸವೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲಾರೆ. ಒಬ್ಬ ಮನುಷ್ಯನ ವಿಷಯದಲ್ಲಿ ಹಾಗೆ ಖಚಿತವಾಗಿ ಹೇಳಲು ಯಾರಿಗೂ ಆಗುವುದಿಲ್ಲ. ಆದರೆ ಆ ನಂಬರಿಗೆ ಏನು ಅರ್ಥ ಅಂತ ಅವನಿಗೆ ಮೊದಲ ವರ್ಷವೇ ಹೇಳಬಹುದಿತ್ತು, ಅಲ್ವಾ? ಹೇಳಲು ಬೇಕಾದ ತಿಳಿವಳಿಕೆ ನಿಮ್ಮ ಓದಿನಲ್ಲಿ ಇದ್ದೇ ಇತ್ತು.

ನಾನು ತಡವಾಗಿ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ. ಸೀಸದ ಕೆಲಸ ಮಾಡುವ ಗಂಡಸರ ಹೆಂಡತಿಯರಲ್ಲಿ, ಅವರು ಸೀಸ ಮುಟ್ಟದೆ ಇದ್ದರೂ, ಗರ್ಭಪಾತ ಆಗುತ್ತಿದ್ದದ್ದನ್ನು ಫ್ರಾನ್ಸಿನ ಕಾನ್‌ಸ್ಟಾಂಟಿನ್ ಪಾಲ್ ಅನ್ನುವ ವೈದ್ಯ 1860ರಲ್ಲೇ ಗುರುತಿಸಿದ್ದ. 1975ರಲ್ಲಿ ರುಮೇನಿಯಾದ ಸಂಶೋಧಕರು ಸೀಸದ ಕೆಲಸಗಾರರ ವೀರ್ಯ ಪರೀಕ್ಷೆ ಮಾಡಿ, ವೀರ್ಯಾಣುಗಳು ಕಮ್ಮಿ ಇರುವುದನ್ನೂ ಅವುಗಳ ಚಲನೆ, ಆಕಾರ ಕೆಟ್ಟಿರುವುದನ್ನೂ ಪ್ರಕಟಿಸಿದರು. 2002ರಲ್ಲಿ ಬ್ರಿಟನ್, ಇಟಲಿ, ಬೆಲ್ಜಿಯಂನ ಸುಮಾರು 500 ಕೆಲಸಗಾರರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ರಕ್ತದಲ್ಲಿ ಸೀಸ 50 ಮೈಕ್ರೋಗ್ರಾಂ ದಾಟಿದವರಲ್ಲಿ ವೀರ್ಯಾಣುಗಳ ಸಾಂದ್ರತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಇಳಿಕೆ ಶುರುವಾಗುವ ಗೆರೆ 44ರ ಆಸುಪಾಸಿನಲ್ಲಿದೆ ಅಂತ ಅವರು ಲೆಕ್ಕ ಹಾಕಿದರು. ಪೇಸ್ಟಿಂಗ್ ಸೆಕ್ಷನ್‌ನ ಹುಡುಗನ ಎರಡನೇ ವರ್ಷದ ನಂಬರು ಎಷ್ಟಿತ್ತು ಅಂತ ಇನ್ನೊಂದು ಸಲ ನೋಡಿ.

ಸಂಖ್ಯೆ ಇಳಿಯುವುದರ ಜೊತೆಗೆ ಇನ್ನೂ ಒಂದು ತೊಂದರೆ ಇದೆ. ವೀರ್ಯಾಣುವಿನ ತಲೆಯೊಳಗೆ ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಡುವ ಪ್ರೊಟಮೈನ್ ಅನ್ನುವ ಪ್ರೋಟೀನ್ ಇದೆ. ಅದು ಗಟ್ಟಿಯಾಗಿ ನಿಲ್ಲಲು ಸತು ಬೇಕು. ಸೀಸ ಬಂದು ಆ ಸತುವಿನ ಜಾಗದಲ್ಲಿ ಕೂರಬಲ್ಲದು. ಸುತ್ತಿದ ಗಂಟು ಸಡಿಲವಾಗುತ್ತದೆ. ಎಣಿಸಿದರೆ ಲೆಕ್ಕ ಸರಿ ಇದೆ ಅನ್ನಿಸಿದರೂ ಒಳಗಿನ ಸರಕು ಕೆಟ್ಟಿರಬಹುದು. ಹಾರ್ಮೋನುಗಳ ಏರುಪೇರು ಬೇರೆ. ಎಣಿಕೆ ಸರಿ ಬಂದ ಮಾತ್ರಕ್ಕೆ ಬೆನ್ನು ತಟ್ಟಿ ಕಳಿಸಬೇಡಿ ಅಂತ ಹೇಳುತ್ತಿರುವುದು ಇದಕ್ಕೇ.

ಇನ್ನು ಕಾಲದ ಲೆಕ್ಕ. ಒಂದು ವೀರ್ಯಾಣು ಶುರುವಿನಿಂದ ಪೂರ್ತಿ ರೂಪ ತಾಳಲು ಸುಮಾರು 74 ದಿನ ಬೇಕು. ಆಮೇಲೆ ಬಲಿತು ಹೊರಬರಲು ಇನ್ನೊಂದೆರಡು ವಾರ. ಒಟ್ಟು ಹತ್ತಿರ ಹತ್ತಿರ ಮೂರು ತಿಂಗಳು. ಇವತ್ತು ಉಸಿರಾಡಿದ ಧೂಳಿನ ಫಲ ಮೂರು ತಿಂಗಳಾದ ಮೇಲೆ ಕಾಣಿಸುತ್ತದೆ. ಇವತ್ತು ಧೂಳಿನಿಂದ ದೂರ ಸರಿದರೆ ಅದರ ಲಾಭವೂ ಮೂರು ತಿಂಗಳಾದ ಮೇಲೇ ಕಾಣಬೇಕು. ಮಗು ಬೇಕು ಅಂದುಕೊಂಡ ಕೆಲಸಗಾರನಿಗೆ ಈ ಒಂದು ಲೆಕ್ಕ ಹೇಳಿದರೂ ಎಷ್ಟೋ ಉಪಕಾರವಾಗುತ್ತದೆ. ನನ್ನ 14 ವರ್ಷದಲ್ಲಿ ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಸೀಸಕ್ಕೂ ಅದರದೇ ಲೆಕ್ಕವಿದೆ. ರಕ್ತಕ್ಕೆ ಹೊಸದಾಗಿ ಸೇರಿದ ಸೀಸ ಒಂದು ತಿಂಗಳ ಆಸುಪಾಸಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೂಳೆಗೆ ಹೋಗಿ ಕೂತದ್ದು ಮಾತ್ರ ಹತ್ತಾರು ವರ್ಷ ಅಲ್ಲೇ ಇರುತ್ತದೆ, ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ವಾಪಸು ಬರುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದಲ್ಲಿ ನೂರಕ್ಕೆ 90 ಪಾಲಿಗಿಂತ ಜಾಸ್ತಿ ಮೂಳೆಯಲ್ಲೇ ಇರುತ್ತದೆ. ಈ ಒಂದು ತಿಂಗಳ ಲೆಕ್ಕ ನಮ್ಮ ಮ್ಯಾನೇಜರುಗಳಿಗೆ ಚೆನ್ನಾಗಿ ಗೊತ್ತಿತ್ತು. ವಾರ್ಷಿಕ ತಪಾಸಣೆಗೆ ಐದಾರು ವಾರ ಇದೆ ಅನ್ನುವಾಗ, ನಂಬರು ಜಾಸ್ತಿ ಇದ್ದವರನ್ನು ಪ್ಯಾಕಿಂಗ್ ಸೆಕ್ಷನ್‌ಗೆ ಹಾಕುತ್ತಿದ್ದರು. ತಪಾಸಣೆಯ ದಿನ ರಕ್ತದ ನಂಬರು ಮರ್ಯಾದೆಯಿಂದ ಇಳಿದಿರುತ್ತಿತ್ತು. ಮುಗಿದ ಮಾರನೇ ದಿನ ಎಲ್ಲರೂ ವಾಪಸು ಪೇಸ್ಟಿಂಗ್‌ಗೆ. ತಪಾಸಣಾ ಅಧಿಕಾರಿಗಳೇ, ಇದು ನಿಮಗೆ. ನೀವು ವರ್ಷಕ್ಕೊಮ್ಮೆ ತಿಂಗಳ ಮೊದಲೇ ಹೇಳಿ ಬಂದರೆ ನೋಡುವುದು ಪ್ಯಾಕಿಂಗ್ ಸೆಕ್ಷನ್‌ನ ರಕ್ತ.

ಬೇರೆ ಲೋಹಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕ್ಯಾಡ್ಮಿಯಂ ಮೂತ್ರಪಿಂಡ ಸೇರಿದರೆ ಅರ್ಧ ಇಳಿಯಲು 10ರಿಂದ 30 ವರ್ಷ ಬೇಕು. ಪ್ರಾಣಿಗಳಲ್ಲಿ ಅದು ವೃಷಣದ ರಕ್ತನಾಳಗಳನ್ನೇ ಹಾಳುಮಾಡುತ್ತದೆ. ಮನುಷ್ಯರಲ್ಲಿ ಸಾಕ್ಷ್ಯ ಅಷ್ಟು ನಿಚ್ಚಳವಾಗಿಲ್ಲ. ಮ್ಯಾಂಗನೀಸ್ ಧೂಳಿನಲ್ಲಿ ಬಹಳ ಕಾಲ ದುಡಿದವರಲ್ಲಿ ಕಾಮಾಸಕ್ತಿ ಕುಗ್ಗಿದ್ದು ದಾಖಲಾಗಿದೆ. ವೆಲ್ಡಿಂಗ್ ಮಾಡುವವರ ಬಗ್ಗೆ ಬಂದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವು ವೀರ್ಯದ ಗುಣಮಟ್ಟ ಇಳಿದಿದೆ ಅಂದವು, ಕೆಲವು ಇಲ್ಲ ಅಂದವು. ಅವರಿಗೆ ಹೊಗೆಯ ಜೊತೆ ಬಿಸಿಯ ಕಾಟವೂ ಇದೆ. ವೃಷಣಗಳು ಮೈಗಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು, ಅದಕ್ಕೇ ಅವು ಹೊರಗಿರುವುದು. ಕುಲುಮೆಯ ಮುಂದೆ ನಿಲ್ಲುವವನಿಗೆ ಲೋಹವೂ ಉಂಟು, ಬಿಸಿಯೂ ಉಂಟು. ಸೀಸದ ವಿಷಯಕ್ಕೆ ಬಂದರೆ ಇಷ್ಟು ಅನುಮಾನಕ್ಕೆ ಜಾಗವಿಲ್ಲ. ಅದಕ್ಕೇ ನನ್ನ ಪತ್ರ ಮತ್ತೆ ಮತ್ತೆ ಸೀಸಕ್ಕೇ ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಗಂಡಸರ ವಿಷಯ ಯಾಕೆ ಮೂಲೆಗೆ ಬಿತ್ತು? ಸೀಸ ಮತ್ತು ಸಂತಾನ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಗರ್ಭಿಣಿ ಹೆಂಗಸು. ಆ ಕಾಳಜಿ ನಿಜವಾದದ್ದೇ, ಬೇಕಾದದ್ದೇ. ಆದರೆ ಅದನ್ನು ಕಂಪನಿಗಳು ಹೇಗೆ ಬಳಸಿಕೊಂಡವು ನೋಡಿ. 1978ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲ್ಲೋ ಐಲ್ಯಾಂಡ್ ಅನ್ನುವಲ್ಲಿ, ಸೀಸದ ಬಣ್ಣ ತಯಾರಿಸುವ ವಿಭಾಗದಲ್ಲಿ ಕೆಲಸ ಉಳಿಸಿಕೊಳ್ಳಲು ಐದು ಹೆಂಗಸರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಮಕ್ಕಳಾಗುವ ಹೆಂಗಸರಿಗೆ ಅಲ್ಲಿ ಕೆಲಸವಿಲ್ಲ ಅಂತ ಕಂಪನಿ ಹೇಳಿತ್ತು. ಬ್ಯಾಟರಿ ತಯಾರಿಸುವ ಜಾನ್ಸನ್ ಕಂಟ್ರೋಲ್ಸ್ ಅನ್ನುವ ಕಂಪನಿಯೂ 1982ರಲ್ಲಿ ಇಂಥದೇ ನಿಯಮ ತಂದಿತು. ಯೂನಿಯನ್ ಕೋರ್ಟಿಗೆ ಹೋಯಿತು. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ನಿಯಮ ಹೆಂಗಸರ ವಿರುದ್ಧ ಮಾಡಿದ ತಾರತಮ್ಯ ಅಂತ ತೀರ್ಪು ಕೊಟ್ಟಿತು. ಸೀಸ ಗಂಡಸರ ಸಂತಾನಶಕ್ತಿಗೂ ಕೆಡುಕು ಅನ್ನುವುದಕ್ಕೆ ಸಾಕ್ಷ್ಯ ಇದ್ದರೂ ಕಂಪನಿ ಚಿಂತಿಸಿದ್ದು ಹೆಂಗಸರ ಬಗ್ಗೆ ಮಾತ್ರ ಅನ್ನುವುದನ್ನು ಕೋರ್ಟ್ ಎತ್ತಿ ತೋರಿಸಿತು. ಹೆಂಗಸರನ್ನು ಹೊರಗಿಟ್ಟರೆ ಧೂಳು ಕಮ್ಮಿ ಮಾಡುವ ಖರ್ಚು ಉಳಿಯುತ್ತದೆ. ಗಂಡಸರು ಬಾಯಿಬಿಟ್ಟು ಕೇಳುವುದಿಲ್ಲ. ಎರಡೂ ಸೇರಿ ಕಂಪನಿಗಳಿಗೆ ಅನುಕೂಲವಾಯಿತು.

ಹೌದು, ಗಂಡಸರು ಕೇಳುವುದಿಲ್ಲ. ಇದರಲ್ಲಿ ನಮ್ಮ ತಪ್ಪೂ ಇದೆ. ಮಕ್ಕಳಾಗದಿದ್ದರೆ ಹೆಂಡತಿಯನ್ನು ಆಸ್ಪತ್ರೆಗೆ ಕಳಿಸಿ ತಾನು ಹೊರಗೆ ಬೆಂಚಿನ ಮೇಲೆ ಕೂರುವವನೇ ಜಾಸ್ತಿ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲ, ಗೊತ್ತಿದ್ದರೂ ಬಾಯಿ ಬರುವುದಿಲ್ಲ. ಆದರೆ ಗಂಡಸರೇ ಬಾಯಿಬಿಟ್ಟ ಒಂದು ಉದಾಹರಣೆ ಇದೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಲಾಥ್ರಾಪ್‌ನ ಒಂದು ಕೀಟನಾಶಕ ಕಾರ್ಖಾನೆಯಲ್ಲಿ, ಕೆಲಸಗಾರರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವಾಗ ಯಾರಿಗೂ ಮಕ್ಕಳಾಗುತ್ತಿಲ್ಲ ಅನ್ನುವುದು ಅವರ ಗಮನಕ್ಕೆ ಬಂತು. ಪರೀಕ್ಷೆ ಮಾಡಿಸಿದರೆ ಎಷ್ಟೋ ಜನರಲ್ಲಿ ವೀರ್ಯಾಣುಗಳೇ ಇರಲಿಲ್ಲ, ಇಲ್ಲವೇ ತೀರಾ ಕಮ್ಮಿ ಇದ್ದವು. ಅಲ್ಲಿನ ಕಾರಣ ಡಿಬಿಸಿಪಿ ಅನ್ನುವ ರಾಸಾಯನಿಕ, ಲೋಹವಲ್ಲ. ಆದರೂ ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ನಮ್ಮ ಫಾರಂನಲ್ಲೂ "ಮಕ್ಕಳು: ಎಷ್ಟು" ಅನ್ನುವ ಒಂದು ಕಾಲಂ ಇತ್ತು. ವಿಮೆಗೆ ಬೇಕು ಅಂತ ಇಟ್ಟದ್ದು. 14 ವರ್ಷ ಅದನ್ನು ತುಂಬಿದವನು ನಾನು. ಸೆಕ್ಷನ್‌ವಾರು ಜೋಡಿಸಿ ಒಂದು ಸಲ ಓದಿ ನೋಡೋಣ ಅಂತ ನನಗೂ ಅನ್ನಿಸಲಿಲ್ಲ, ಡಾಕ್ಟರಿಗೂ ಅನ್ನಿಸಲಿಲ್ಲ.

"ಮಾಸ್ಕ್ ಕೊಟ್ಟಿದ್ದೇವಲ್ಲ, ಹಾಕಿಕೊಳ್ಳದಿದ್ದರೆ ನಾವೇನು ಮಾಡೋದು" ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಕೊಟ್ಟದ್ದು ಬಟ್ಟೆ ಮಾಸ್ಕ್. ಸೀಸದ ಹೊಗೆ ಅದರೊಳಗೆ ಆರಾಮಾಗಿ ನುಸುಳುತ್ತದೆ. ಒಳ್ಳೆಯ ಮಾಸ್ಕ್ ಆದರೂ ಗಡ್ಡದ ಮೇಲೆ ಸರಿಯಾಗಿ ಕೂರುವುದಿಲ್ಲ, ಎಂಟು ಗಂಟೆ ಕುಲುಮೆ ಮುಂದೆ ಹಾಕಿಕೊಂಡಿರಲು ಮನುಷ್ಯನಿಂದ ಆಗುವುದಿಲ್ಲ. ಧೂಳು ಏಳುವ ಜಾಗದಲ್ಲೇ ಅದನ್ನು ಎಳೆದುಕೊಳ್ಳುವ ಯಂತ್ರ ಇರಬೇಕು. ನಮ್ಮಲ್ಲಿ ಇತ್ತು. ಪಕ್ಕದಲ್ಲಿ ಒಂದು ಕಾಗದದ ಚೂರು ಹಿಡಿದರೆ ಅಲುಗಾಡುತ್ತಿರಲಿಲ್ಲ. ಶಿಫ್ಟ್ ಮುಗಿದ ಮೇಲೆ ನೆಲವನ್ನು ಒಣ ಪೊರಕೆಯಲ್ಲಿ ಗುಡಿಸುತ್ತಿದ್ದರು, ಬಟ್ಟೆಯ ಮೇಲಿನ ಧೂಳನ್ನು ಗಾಳಿ ಪೈಪಿನಿಂದ ಊದಿಕೊಳ್ಳುತ್ತಿದ್ದರು. ದಿನವಿಡೀ ನೆಲಕ್ಕಿಳಿದ ಸೀಸವನ್ನು ಮತ್ತೆ ಮೂಗಿನ ಮಟ್ಟಕ್ಕೆ ಏರಿಸುವುದಕ್ಕೆ ಇದಕ್ಕಿಂತ ಒಳ್ಳೆ ಉಪಾಯವಿಲ್ಲ. ಆಮೇಲೆ ಅದೇ ಬಟ್ಟೆಯಲ್ಲಿ ಮನೆಗೆ. ಕಷ್ಟಪಟ್ಟು ಮಗುವಾದವನು ಮನೆ ಬಾಗಿಲಲ್ಲೇ ಆ ಮಗುವನ್ನು ಎತ್ತಿಕೊಳ್ಳುವುದೂ ಅದೇ ಬಟ್ಟೆಯಲ್ಲೇ.

ಹಾಗಾದರೆ ನಾನು ಕೇಳುವುದೇನು? ಜಗತ್ತಿನಲ್ಲಿ ಇಲ್ಲದ್ದನ್ನು ಕೇಳುತ್ತಿಲ್ಲ. ಅಮೆರಿಕದಲ್ಲಿ 1978ರಲ್ಲಿ, ಆ ಐದು ಹೆಂಗಸರ ಶಸ್ತ್ರಚಿಕಿತ್ಸೆ ಆದ ವರ್ಷವೇ, ಸೀಸದ ಕೆಲಸಕ್ಕೆ ಒಂದು ನಿಯಮಾವಳಿ ಬಂತು. ರಕ್ತದ ಸೀಸ 40 ಮುಟ್ಟಿದರೆ ವರದಿ ಬಂದ ಐದು ಕೆಲಸದ ದಿನಗಳೊಳಗೆ ಆ ಕೆಲಸಗಾರನಿಗೆ ಬರಹದಲ್ಲಿ ತಿಳಿಸಬೇಕು ಅಂತ ಅದರಲ್ಲಿದೆ. ಕೆಲಸಗಾರ ಕೇಳಿದರೆ ಗಂಡಸಿನ ಸಂತಾನಶಕ್ತಿಯ ಪರೀಕ್ಷೆಯನ್ನೂ ತಪಾಸಣೆಯಲ್ಲಿ ಸೇರಿಸಬೇಕು ಅಂತಿದೆ. ಸೀಸ ಮಿತಿ ಮೀರಿದರೆ ಆ ಜಾಗದಿಂದ ತೆಗೆಯಬೇಕು, ತೆಗೆದರೂ 18 ತಿಂಗಳವರೆಗೆ ಸಂಬಳ, ಸೀನಿಯಾರಿಟಿ ಎರಡನ್ನೂ ಕಾಯಬೇಕು. ಮಗು ಬೇಕೆನ್ನುವವರು, ಹೆಂಗಸಿರಲಿ ಗಂಡಸಿರಲಿ, 30ಕ್ಕಿಂತ ಕೆಳಗೆ ಇಟ್ಟುಕೊಳ್ಳಬೇಕು ಅಂತಲೂ ಅದರಲ್ಲಿ ಬರೆದಿದೆ. ಆ ನಿಯಮವೇ ಈಗ ಹಳತಾಯಿತು, ಸಡಿಲವಾಯಿತು ಅನ್ನುತ್ತಾರೆ. 2025ರಿಂದ ಕ್ಯಾಲಿಫೋರ್ನಿಯಾದಲ್ಲಿ ಗಾಳಿಯಲ್ಲಿ ಇರಬಹುದಾದ ಸೀಸದ ಮಿತಿಯನ್ನು ಘನ ಮೀಟರಿಗೆ 50 ಮೈಕ್ರೋಗ್ರಾಂನಿಂದ 10ಕ್ಕೆ ಇಳಿಸಿದ್ದಾರೆ. ನಾನು ಕೇಳುತ್ತಿರುವುದು ಆ ಹಳೇ ನಿಯಮದಷ್ಟನ್ನಾದರೂ ಮಾಡಿ ಅಂತ.

ಡಾಕ್ಟರೇ, ನಂಬರನ್ನು ಕೆಲಸಗಾರನ ಕೈಗೆ ಕೊಡಿ. ಅವನ ಭಾಷೆಯಲ್ಲಿ, ಹೋದ ಸಲದ ನಂಬರಿನ ಪಕ್ಕದಲ್ಲಿ ಬರೆದು ಕೊಡಿ. ತಪಾಸಣೆಯ ಫಾರಂಗೆ ಒಂದು ಪ್ರಶ್ನೆ ಸೇರಿಸಿ: ಮಗು ಬೇಕು ಅಂತ ಇದ್ದೀರಾ, ಎಷ್ಟು ದಿನದಿಂದ ಪ್ರಯತ್ನ ಮಾಡ್ತಿದ್ದೀರಾ? ಬಾಗಿಲು ಹಾಕಿಕೊಂಡು ಕೇಳಿ. ನಮ್ಮ ಕೊಠಡಿಯಲ್ಲಿ ಹತ್ತು ಜನ ಸಾಲಾಗಿ ನಿಂತಿರುವಾಗ ಮಿಕ್ಕ ಪ್ರಶ್ನೆಗಳನ್ನು ಮೇಜಿನಾಚೆಯಿಂದ ಕೂಗಿ ಕೇಳುತ್ತಿದ್ದರು, ಇದನ್ನೂ ಹಾಗೆ ಕೇಳಿದರೆ ಯಾವ ಗಂಡಸೂ ಉತ್ತರ ಹೇಳುವುದಿಲ್ಲ. ಬೇಕು ಅಂದವನಿಗೆ ವೀರ್ಯ ಪರೀಕ್ಷೆಯ ಚೀಟಿ ಬರೆದುಕೊಡಿ, ಖರ್ಚು ಕಂಪನಿಯದಿರಲಿ, ವರದಿ ಅವನ ಕೈಗೆ ಮಾತ್ರ ಹೋಗಲಿ. ಮ್ಯಾನೇಜರ ಮೇಜಿಗೆ ಆ ಹಾಳೆ ಹೋಗುತ್ತದೆ ಅಂತಾದರೆ ಯಾರೂ ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ. ಒಂದೇ ಪರೀಕ್ಷೆಗೆ ತೀರ್ಮಾನ ಮಾಡಬೇಡಿ, ಎರಡು ಸಲ ಮಾಡಿಸಿ. ಸೀಸ ಇಳಿಸುವ ಔಷಧಿಯನ್ನು ಮುನ್ನೆಚ್ಚರಿಕೆ ಅಂತ ಕೊಟ್ಟು ಅದೇ ಧೂಳಿಗೆ ವಾಪಸು ಕಳಿಸಬೇಡಿ. ಅದನ್ನು ಆ 1978ರ ನಿಯಮವೇ ನಿಷೇಧಿಸಿದೆ.

ಅಧಿಕಾರಿಗಳೇ, ನೀವು ಹೇಳದೆ ಬನ್ನಿ. ರಕ್ತದ ನಂಬರಿನ ಜೊತೆ ಹಾಜರಿ ಪುಸ್ತಕ ಇಟ್ಟುಕೊಂಡು, ರಕ್ತ ತೆಗೆಯುವ ಮುಂಚಿನ ಮೂರು ತಿಂಗಳು ಕೆಲಸಗಾರ ಯಾವ ಸೆಕ್ಷನ್‌ನಲ್ಲಿದ್ದ ಅಂತ ನೋಡಿ. ಕಾಂಟ್ರ್ಯಾಕ್ಟ್ ಮೇಲೆ ಬಂದವರ ಫೈಲ್ ಕೇಳಿ. ನಮ್ಮಲ್ಲಿ ಅವರ ಫೈಲೇ ಇರಲಿಲ್ಲ. ಕುಲುಮೆ ತೊಳೆಯುವ, ಗಸಿ ಕೆರೆದು ತೆಗೆಯುವ ಕೆಲಸ, ಅಂದರೆ ಎಲ್ಲಕ್ಕಿಂತ ಕೆಟ್ಟ ಕೆಲಸ, ಅವರದೇ. ವಯಸ್ಸು ಇಪ್ಪತ್ತರ ಆಚೀಚೆ. ಆರು ತಿಂಗಳಿಗೆ ಬೇರೆ ಹುಡುಗರು ಬರುತ್ತಿದ್ದರು. ಅವರ ರಕ್ತವನ್ನು ನಾನು ಒಂದು ಸಲವೂ ತೆಗೆಯಲಿಲ್ಲ, ಯಾಕೆಂದರೆ ಪಟ್ಟಿಯಲ್ಲಿ ಅವರ ಹೆಸರೇ ಬರುತ್ತಿರಲಿಲ್ಲ. ಮದುವೆಯಾಗಿ, ಎರಡು ಮೂರು ವರ್ಷ ಕಾದು, ಬೇರೆ ಯಾವುದೋ ಊರಿನ ಆಸ್ಪತ್ರೆಯಲ್ಲಿ ಕೂತಾಗ, ಎಂದೋ ಆರು ತಿಂಗಳು ಸೀಸದ ಗಸಿ ಕೆರೆದದ್ದು ಅವರಿಗೆ ನೆನಪಾದರೂ ಹೇಳಿಕೊಳ್ಳಲು ಒಂದು ಚೀಟಿ ಇರುವುದಿಲ್ಲ. ಕೆಲಸ ಬಿಡುವ ದಿನ ಪ್ರತಿಯೊಬ್ಬನಿಗೂ, ಆರು ತಿಂಗಳು ದುಡಿದವನಿಗೂ, ಅವನ ನಂಬರುಗಳಿರುವ ಒಂದು ಹಾಳೆ ಕೊಡಲೇಬೇಕು ಅಂತ ಆದೇಶ ಮಾಡಿ.

ಪೇಸ್ಟಿಂಗ್ ಸೆಕ್ಷನ್‌ನ ಆ ಹುಡುಗ ಕಡೆಗೆ ಕೆಲಸ ಬಿಟ್ಟ. ಸೆಕ್ಷನ್ ಬದಲಿಸಿ ಅಂತ ಎರಡು ಸಲ ಅರ್ಜಿ ಕೊಟ್ಟಿದ್ದ, ಕಾರಣ ಬರೆಯಬೇಕಾದ ಜಾಗದಲ್ಲಿ "ಸ್ವಂತ ಕಾರಣ" ಅಂತ ಬರೆದಿದ್ದ. ಅರ್ಜಿ ಎರಡೂ ಸಲ ತಿರಸ್ಕಾರವಾಯಿತು. ಹೋಗುವ ದಿನ ಫೈಲಿನ ಜೆರಾಕ್ಸ್ ಕೇಳಿದ. ನಾನು ಯಾರನ್ನೂ ಕೇಳದೆ ನಾಲ್ಕು ಹಾಳೆಗಳನ್ನೂ ತೆಗೆದುಕೊಟ್ಟೆ. ಅದಕ್ಕೆ ನನಗೊಂದು ಮೆಮೊ ಬಂತು. ಆ ಮೆಮೊ ಇನ್ನೂ ನನ್ನ ಹತ್ತಿರ ಇದೆ. ನೀವು ವಿಚಾರಣೆ ಮಾಡುವುದಾದರೆ ತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್